ಥಾಯ್ ಫ್ರೈಡ್ ರೈಸ್: ಆ ಹತ್ತು ನಿಮಿಷಕ್ಕೆ ಮೊದಲಿನ ಕೆಲಸವನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ,

ಪತ್ರಿಕೆಗಳ ಅಡುಗೆ ಪುಟಗಳಲ್ಲಿ ‘ಹತ್ತೇ ನಿಮಿಷದಲ್ಲಿ ಥಾಯ್ ವೆಜ್ ಫ್ರೈಡ್ ರೈಸ್’ ಎಂಬ ಪಾಕವಿಧಾನ ಆಗಾಗ ಬರುತ್ತದೆ. ಅನ್ನ ಎರಡು ಕಪ್, ಸೋಯಾ ಸಾಸ್ ರುಚಿಗೆ ತಕ್ಕಷ್ಟು, ಥಾಯ್ ಕರಿ ಪೇಸ್ಟ್ ಒಂದು ಚಮಚ. ಎಲ್ಲವನ್ನೂ ಬಾಣಲೆಗೆ ಹಾಕಿ ಹುರಿಯಿರಿ ಎಂದರೆ ಮುಗಿಯಿತು. ಒಲೆಯ ಮುಂದಿನ ಕೆಲಸಕ್ಕೆ ಹತ್ತು ನಿಮಿಷ ಸಾಕು ಎನ್ನುವುದು ನಿಜ. ಆದರೆ ಅದು ಕೈಗೂಡುವುದು ಅನ್ನ ಸರಿಯಾಗಿ ಸಿದ್ಧವಾಗಿದ್ದರೆ ಮಾತ್ರ. ಯಾವ ಅಕ್ಕಿ, ಎಷ್ಟು ನೀರು, ಎಷ್ಟು ಹೊತ್ತು ಆರಿಸಿದ್ದು ಎಂಬ ಒಂದು ಸಾಲೂ ಇಲ್ಲದ ಪಾಕವಿಧಾನವನ್ನು ನಂಬಿ ಮಾಡಿದವರಿಗೆ ಕೊನೆಗೆ ಸಿಗುವುದು ಕಂದು ಬಣ್ಣದ ಮುದ್ದೆ. ಇನ್ನು ಆ ಒಂದು ಚಮಚ ಕರಿ ಪೇಸ್ಟಿನಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ. ಸಸ್ಯಾಹಾರಿ ಎಂಬ ಶೀರ್ಷಿಕೆಯ ಕೆಳಗೆ ಅದು ಅಚ್ಚಾಗುವುದು ಸಣ್ಣ ತಪ್ಪಲ್ಲ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಅನ್ನ. ಥಾಯ್ಲೆಂಡಿನಲ್ಲಿ ಖಾವ್ ಪಾಟ್ ಎನ್ನುವ ಈ ಹುರಿದ ಅನ್ನಕ್ಕೆ ಬಳಸುವುದು ಹೋಮ್ ಮಲಿ, ಅಂದರೆ ನಾವು ಜಾಸ್ಮಿನ್ ರೈಸ್ ಎಂದು ಕರೆಯುವ ಉದ್ದ ಕಾಳಿನ ಪರಿಮಳದ ಅಕ್ಕಿ. 1959ರಲ್ಲಿ ಬಿಡುಗಡೆಯಾದ ಖಾವ್ ಡಾಕ್ ಮಲಿ 105 ಅದರ ಹೆಸರಾಂತ ತಳಿ. ಈಶಾನ್ಯದ ಇಸಾನ್ ಪ್ರದೇಶದಲ್ಲಿ ಇದನ್ನು ಹೆಚ್ಚು ಬೆಳೆಯುತ್ತಾರೆ. ಈ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಂದರೆ ಅನ್ನವನ್ನು ಉದುರಾಗಿಸುವ ಅಂಶ, ಕಡಿಮೆ. ಹಾಗಾಗಿ ಬೆಂದ ಅನ್ನ ಮೃದುವಾಗಿ, ಅಗುಳಿಗೆ ಅಗುಳು ಸ್ವಲ್ಪ ಅಂಟಿಕೊಂಡೇ ಇರುತ್ತದೆ. ಸಾರಿನ ಜೊತೆ ಉಣ್ಣಲು ಅದು ಚೆನ್ನ. ಬಿಸಿಬಿಸಿಯಾಗಿ ಬಾಣಲೆಗೆ ಹಾಕಿದರೆ ಮಾತ್ರ ಸಟ್ಟುಗ ತಗುಲಿದಲ್ಲೆಲ್ಲ ಮುರಿದು ಗಂಜಿ ಬಿಡುತ್ತದೆ. ಬಾಸ್ಮತಿಯಲ್ಲಿ ಅಮೈಲೋಸ್ ಹೆಚ್ಚು. ಅದು ತಾನಾಗಿಯೇ ಉದುರುದುರಾಗಿರುತ್ತದೆ, ಆದರೆ ಹೆಚ್ಚು ಕೈಯಾಡಿಸಿದರೆ ಕಾಳು ತುಂಡಾಗುತ್ತದೆ, ಜಗಿಯುವ ಹದವೂ ಬೇರೆ. ಕುಸುಬಲಕ್ಕಿಯಲ್ಲಿ ಅಂಟಿನ ತೊಂದರೆ ಇಲ್ಲ, ಪರಿಮಳವೂ ಇಲ್ಲ. ಥಾಯ್ಲೆಂಡಿನದೇ ಆದ ಅಂಟಕ್ಕಿ ಈ ಕೆಲಸಕ್ಕೆ ಬಾರದು.

ಇಬ್ಬರಿಗೆ 200 ಗ್ರಾಂ ಅಕ್ಕಿ ಸಾಕು. ನೀರು ತಿಳಿಯಾಗುವವರೆಗೆ, ಅಂದರೆ ಮೂರು ನಾಲ್ಕು ಸಲ ತೊಳೆದು, ಜರಡಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡಬೇಕು. ತೊಳೆದ ಅಕ್ಕಿ ತನ್ನ ಮೈಮೇಲೆ ಒಂದಿಷ್ಟು ನೀರು ಹಿಡಿದುಕೊಂಡೇ ಇರುವುದರಿಂದ, ಬೇಯಿಸಲು 220 ಮಿಲಿಲೀಟರ್ ನೀರು ಹಾಕಿದರೆ ಸಾಕಾಗುತ್ತದೆ. ಊಟದ ಅನ್ನಕ್ಕೆ ಹಾಕುವಷ್ಟು ನೀರು ಇಲ್ಲಿ ಬೇಡ. ಕುದಿ ಬಂದ ಮೇಲೆ ಮುಚ್ಚಳ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ ಹತ್ತು ನಿಮಿಷ. ಈ ಕೊನೆಯ ಹತ್ತು ನಿಮಿಷವನ್ನು ಬಿಟ್ಟುಬಿಡುವವರೇ ಹೆಚ್ಚು. ಆಗ ತಳದ ಅನ್ನ ಮೆತ್ತಗೆ, ಮೇಲಿನದು ಗಡುಸಾಗಿ ಉಳಿಯುತ್ತದೆ. ಸರಿಯಾಗಿ ಬೆಂದರೆ 400ರಿಂದ 450 ಗ್ರಾಂ ಅನ್ನ ಆಗುತ್ತದೆ.

ಅದನ್ನು ಅಗಲವಾದ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕಿಂತ ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡಿ. ಇಪ್ಪತ್ತು ನಿಮಿಷದಲ್ಲಿ ಹಬೆಯೆಲ್ಲ ಹೋಗಿ ಅಗುಳಿನ ಮೇಲ್ಮೈ ಒಣಗುತ್ತದೆ. ಫ್ರೈಡ್ ರೈಸಿಗೆ ಹಿಂದಿನ ದಿನದ ಅನ್ನವೇ ಬೇಕು ಎನ್ನುವುದು ಅರ್ಧ ಸತ್ಯ. ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಮತ್ತೆ ಬಿಗಿಯಾಗುತ್ತದೆ, ಅದಕ್ಕೇ ಅಗುಳು ಗಟ್ಟಿಯಾಗುವುದು. ಆದರೆ ಹುರಿಯುವವರಿಗೆ ಮುಖ್ಯವಾಗಿ ಬೇಕಾದದ್ದು ಒಣಗಿದ ಮೇಲ್ಮೈ. ಕಡಿಮೆ ನೀರಿನಲ್ಲಿ ಬೆಂದು ಫ್ಯಾನಿನ ಕೆಳಗೆ ಆರಿದ ಇಂದಿನ ಅನ್ನ, ಮುಚ್ಚಿದ ಡಬ್ಬಿಯಲ್ಲಿ ಬೆವರಿದ ನಿನ್ನೆಯ ಅನ್ನಕ್ಕಿಂತ ಎಷ್ಟೋ ಚೆನ್ನಾಗಿ ಹುರಿಯುತ್ತದೆ. ಫ್ರಿಜ್ಜಿನದೇ ಆದರೆ ಗಂಟುಗಳನ್ನು ಕೈಗೆ ತುಸು ಎಣ್ಣೆ ಸವರಿಕೊಂಡು ಮೊದಲೇ ಬಿಡಿಸಿಡಬೇಕು. ಬಾಣಲೆಯಲ್ಲಿ ಸಟ್ಟುಗದಿಂದ ಕುಟ್ಟಿ ಬಿಡಿಸಲು ಹೋದರೆ ಅಗುಳು ನುಜ್ಜಾಗುತ್ತದೆ.

ನೀರಿನ ಬಗ್ಗೆ ಇಷ್ಟು ಹೇಳುವುದಕ್ಕೆ ಲೆಕ್ಕದ ಕಾರಣವೇ ಇದೆ. ಒಂದು ಟೇಬಲ್ ಚಮಚ ನೀರು, ಅಂದರೆ 15 ಮಿಲಿಲೀಟರ್, ಕಾದು ಆವಿಯಾಗಿ ಹೋಗಲು ಹತ್ತಿರ ಹತ್ತಿರ 39 ಕಿಲೋಜೂಲ್ ಶಾಖ ಬೇಕು. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರಿನಿಂದ ಬಾಣಲೆಗೆ ನಿಜವಾಗಿ ಸೇರುವ ಶಾಖವನ್ನು ಸೆಕೆಂಡಿಗೆ ಒಂದೂಕಾಲು ಕಿಲೋಜೂಲ್ ಎಂದು ಹಿಡಿದರೆ, ಆ ಒಂದು ಚಮಚ ನೀರಿಗೇ ಅರ್ಧ ನಿಮಿಷ ಹೋಯಿತು. ಅನ್ನ, ತರಕಾರಿ, ತೋಫು (ಸೋಯಾ ಹಾಲಿನ ಪನೀರ್) ಎಲ್ಲ ಸೇರಿ 100 ಮಿಲಿಲೀಟರ್ ಹೆಚ್ಚುವರಿ ನೀರು ತಂದರೆ ಮೂರೂವರೆ ನಿಮಿಷ ಬಾಣಲೆಯಲ್ಲಿ ನಡೆಯುವುದು ಹುರಿಯುವ ಕೆಲಸವಲ್ಲ, ಹಬೆಯಲ್ಲಿ ಬೇಯುವ ಕೆಲಸ. ಬೀದಿ ಬದಿಯ ಥಾಯ್ ಅಂಗಡಿಯವರ ಒಲೆ ಇದರ ಎಷ್ಟೋ ಪಟ್ಟು ಜೋರು. ಅವರು ನೀರಿನ ತಪ್ಪನ್ನು ಉರಿಯಿಂದ ಮುಚ್ಚಬಲ್ಲರು, ಮನೆಯಲ್ಲಿ ಆಗದು. ಅದಕ್ಕೆ ಎರಡೇ ದಾರಿ: ಎಲ್ಲವೂ ಒಣಗಿರಬೇಕು, ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಗೆ ಮಾಡಬಾರದು. ನಾಲ್ವರಿಗೆ ಬೇಕಿದ್ದರೆ ಎರಡು ಸರದಿ ಮಾಡಿ. ದುಪ್ಪಟ್ಟು ಪ್ರಮಾಣ ಒಟ್ಟಿಗೆ ಹಾಕಿದರೆ ಸಮಯವೂ ಉಳಿಯುವುದಿಲ್ಲ, ರುಚಿಯೂ ಬರುವುದಿಲ್ಲ.

ಇನ್ನು ಮೀನು, ಸಿಗಡಿಯ ಮಾತು. ಥಾಯ್ ಅಡುಗೆಯ ಉಪ್ಪಿನ ಬೆನ್ನೆಲುಬು ನಾಮ್ ಪ್ಲಾ, ಅಂದರೆ ಹುದುಗಿಸಿದ ಮೀನಿನ ರಸ. ಕೆಂಪು, ಹಸಿರು ಕರಿ ಪೇಸ್ಟುಗಳಲ್ಲಿ ಕಪಿ ಎಂಬ ಹುದುಗಿಸಿದ ಸಿಗಡಿಯ ಮುದ್ದೆ ಸಾಮಾನ್ಯ. ನಾಮ್ ಪ್ರಿಕ್ ಪಾವ್ ಎಂಬ ಸುಟ್ಟ ಮೆಣಸಿನಕಾಯಿ ಪೇಸ್ಟಿನಲ್ಲಿ ಒಣ ಸಿಗಡಿ ಇರುತ್ತದೆ. ಆಯ್ಸ್ಟರ್ ಸಾಸಿನಲ್ಲಿ ಸಿಂಪಿಯ ಸಾರ. ಶೀಶೆಯ ಮುಂದೆ ತರಕಾರಿಯ ಚಿತ್ರ ಇದ್ದ ಮಾತ್ರಕ್ಕೆ ಒಳಗಿನದು ಸಸ್ಯಾಹಾರ ಆಗುವುದಿಲ್ಲ. ಹಿಂದಿನ ಪಟ್ಟಿಯನ್ನು ಪೂರ್ತಿ ಓದಬೇಕು. ಥಾಯ್ಲೆಂಡಿನಿಂದ ಬರುವ ಪೊಟ್ಟಣಗಳಲ್ಲಿ ಒಂದು ಒಳ್ಳೆಯ ಗುರುತಿದೆ. ಹಳದಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ‘ಜೆ’ ಎಂಬ ಥಾಯ್ ಬರಹ ಇದ್ದರೆ ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಚೀನೀ ಚಾಂದ್ರಮಾನದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ನಡೆಯುವ ಸಸ್ಯಾಹಾರ ವ್ರತದ ಹೊತ್ತಿಗೆ ಅಲ್ಲಿನ ಅಂಗಡಿಗಳ ಮುಂದೆ ಇದೇ ಗುರುತಿನ ಹಳದಿ ಬಾವುಟಗಳು ಹಾರುತ್ತವೆ; ಫುಕೆಟ್ ಊರಿನ ಆಚರಣೆ ಅದರಲ್ಲಿ ಹೆಸರುವಾಸಿ.

ಮೀನಿನ ರಸ ಬಿಟ್ಟರೆ ಅದು ಕೊಡುತ್ತಿದ್ದ ಉಮಾಮಿಯನ್ನು, ಅಂದರೆ ಮಾಂಸದ ಸಾರಿನಂಥ ತುಂಬು ರುಚಿಯನ್ನು, ತುಂಬಿಕೊಡಬೇಕು. ಬರೀ ಉಪ್ಪು ಹೆಚ್ಚಿಸಿದರೆ ಅನ್ನ ಉಪ್ಪುಪ್ಪಾಗಿಯೂ ಸಪ್ಪೆಯಾಗಿಯೂ ಇರುತ್ತದೆ. ಈ ರುಚಿ ಕೊಡುವ ಅಂಶಗಳಲ್ಲಿ ಗ್ಲುಟಮೇಟ್ ಸೋಯಾ ಸಾಸಿನಲ್ಲಿದೆ, ಗ್ವಾನಿಲೇಟ್ ಒಣ ಶಿಟಾಕೆ ಅಣಬೆಯಲ್ಲಿದೆ. ಇವೆರಡೂ ಸೇರಿದಾಗ ನಾಲಿಗೆಗೆ ತಿಳಿಯುವ ರುಚಿ, ಅವನ್ನು ಬೇರೆ ಬೇರೆ ತಿಂದಾಗಿನದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ನಾಲ್ಕು ಒಣ ಶಿಟಾಕೆಗಳನ್ನು ತಣ್ಣೀರಿನಲ್ಲಿ ನಾಲ್ಕೈದು ಗಂಟೆ ನೆನೆಸಿ, ಹಿಂಡಿ, ತೆಳುವಾಗಿ ಹೆಚ್ಚಿಕೊಳ್ಳಿ. ನೆನೆಸಿದ ನೀರನ್ನು ಚೆಲ್ಲದೆ ಸಣ್ಣ ಪಾತ್ರೆಯಲ್ಲಿ ಕುದಿಸಿ ಎರಡು ಚಮಚಕ್ಕೆ ಇಳಿಸಿದರೆ, ಅದೇ ಮೀನಿನ ರಸದ ಜಾಗಕ್ಕೆ ಬರುವ ಸಾರ. ಇಷ್ಟು ಪುರುಸೊತ್ತಿಲ್ಲದವರು ಅಣಬೆಯಿಂದ ಮಾಡಿದ ಸಸ್ಯಾಹಾರಿ ಆಯ್ಸ್ಟರ್ ಸಾಸ್ ಒಂದು ಟೀ ಚಮಚ ಹಾಕಬಹುದು. ಸೋಯಾ ಸಾಸಿನಲ್ಲೂ ವ್ಯತ್ಯಾಸವಿದೆ. ಥಾಯ್ ಅಡುಗೆಗೆ ಬೇಕಾದದ್ದು ಸೀ ಇವ್ ಖಾವ್ ಎಂಬ ತೆಳುವಾದ, ತಿಳಿ ಬಣ್ಣದ ಸಾಸ್. ಗಾಢ ಕಪ್ಪು ಸಾಸ್ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಸಿಹಿ ಮುಂದೆ ಬರುತ್ತದೆ, ಉಪ್ಪು ಸಾಲದೆ ಮತ್ತೆ ಸುರಿಯುತ್ತೇವೆ. ಗೋಧಿ ಒಗ್ಗದವರು ಗಮನಿಸಬೇಕು: ಹೆಚ್ಚಿನ ಸೋಯಾ ಸಾಸುಗಳಲ್ಲಿ ಗೋಧಿ ಇರುತ್ತದೆ.

ಥಾಯ್ ರುಚಿ ಬರುವುದು ಸಾಸಿನಿಂದಲ್ಲ, ಕುಟ್ಟಿದ ಮಸಾಲೆಯಿಂದ. ಕೊತ್ತಂಬರಿ ಬೇರು, ಬೆಳ್ಳುಳ್ಳಿ, ಬಿಳಿ ಮೆಣಸು, ಈ ಮೂರನ್ನು ಒಟ್ಟಿಗೆ ಕುಟ್ಟುವುದು ಅಲ್ಲಿನ ಅಡುಗೆಯ ಮೊದಲ ಪಾಠ. 400 ಗ್ರಾಂ ಅನ್ನಕ್ಕೆ ಕೆರೆದು ತೊಳೆದ ಎರಡು ಬೇರು, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಟೀ ಚಮಚ ಬಿಳಿ ಮೆಣಸಿನ ಕಾಳು. ಮೊದಲು ಮೆಣಸನ್ನು ಒಣಗಿದ್ದಾಗಲೇ ಕುಟ್ಟಿ, ಆಮೇಲೆ ಬೇರು, ಕೊನೆಗೆ ಬೆಳ್ಳುಳ್ಳಿ. ಬೆಳ್ಳುಳ್ಳಿಯನ್ನು ಮೊದಲು ಹಾಕಿದರೆ ಕಾಳು ಅದರಲ್ಲಿ ಜಾರಿ ನುಣ್ಣಗಾಗುವುದೇ ಇಲ್ಲ. ಬೇರು ಸಿಗದಿದ್ದರೆ ಕೊತ್ತಂಬರಿಯ ಬುಡದ ದಂಟು ಸಾಕು. ಮಿಕ್ಸಿಗೆ ಹಾಕಿ ನೀರು ಬೆರೆಸಿ ರುಬ್ಬುವುದು ಬೇಡ. ಆ ನೀರು ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಮಸಾಲೆ ಹುರಿಯುವ ಬದಲು ಬೇಯುತ್ತದೆ. ಖಾರ ಬೇಕಿದ್ದರೆ ಒಂದೆರಡು ಸಣ್ಣ ಹಸಿಮೆಣಸಿನಕಾಯಿಯನ್ನು ಇದರ ಜೊತೆಗೇ ಜಜ್ಜಿಕೊಳ್ಳಿ. ಶುಂಠಿ ಜಾತಿಯ ದುಂಪರಾಸ್ಮೆ, ಮಜ್ಜಿಗೆ ಹುಲ್ಲು, ನಿಂಬೆ ಎಲೆ ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದರೆ ಹೆಚ್ಚು ಥಾಯ್ ಆಗುತ್ತದೆ ಎಂದುಕೊಂಡವರಿದ್ದಾರೆ. ಅವು ಸಾರು, ಕರಿಗಳ ಸಾಮಗ್ರಿ. ಸರಳ ಖಾವ್ ಪಾಟ್‌ಗೆ ಅವು ಬೇಕಿಲ್ಲ.

ತರಕಾರಿ 150 ಗ್ರಾಂ ಮೀರದಿರಲಿ. ಅನ್ನಕ್ಕಿಂತ ತರಕಾರಿ ಹೆಚ್ಚಾದರೆ ನೀರೂ ಹೆಚ್ಚಾಗುತ್ತದೆ. ಥಾಯ್ಲೆಂಡಿನಲ್ಲಿ ಖನಾ ಎಂಬ ಸೊಪ್ಪಿನ ದಂಟು, ಎಲೆ ಹಾಕುತ್ತಾರೆ. ಸಿಗದ ಕಡೆ ಬ್ರೊಕೋಲಿಯ ದಂಟು, ಬೀನ್ಸ್, ಎಳೆ ಜೋಳ ಆಗುತ್ತದೆ. ಈರುಳ್ಳಿ ಅರ್ಧ, ಸ್ವಲ್ಪ ದಪ್ಪ ಸೀಳು. ಟೊಮೆಟೊ ಒಂದು, ಬೀಜದ ಲೋಳೆ ತೆಗೆದು ಆರು ಹೋಳು. ಗಟ್ಟಿ ತೋಫು 150 ಗ್ರಾಂ. ಬಟ್ಟೆಯಲ್ಲಿ ಸುತ್ತಿ ಭಾರ ಹೇರಿ ಇಪ್ಪತ್ತು ನಿಮಿಷ ಇಟ್ಟರೆ ನೀರು ಬಿಡುತ್ತದೆ. ಆಮೇಲೆ ಸಣ್ಣ ಚೌಕ ಮಾಡಿ, ಒಂದು ಚಮಚ ಎಣ್ಣೆಯಲ್ಲಿ ಎರಡು ಕಡೆ ಹೊಂಬಣ್ಣ ಬರುವಂತೆ ಬೇರೆಯಾಗಿಯೇ ಹುರಿದು ತೆಗೆದಿಡಿ. ಒಲೆ ಹಚ್ಚುವ ಮೊದಲೇ ಸಾಸ್ ಅಳೆದು ಬಟ್ಟಲಿನಲ್ಲಿರಬೇಕು: ತೆಳು ಸೋಯಾ ಸಾಸ್ 20 ಮಿಲಿಲೀಟರ್, ಅಣಬೆಯ ಸಾರ ಅಥವಾ ಅಣಬೆ ಸಾಸ್, ಸಕ್ಕರೆ ಒಂದು ಟೀ ಚಮಚ. ಹುರಿಯುತ್ತಾ ನಿಂತು ಶೀಶೆಯ ಮುಚ್ಚಳ ತಿರುಗಿಸುವಷ್ಟು ಹೊತ್ತಿನಲ್ಲಿ ಬೆಳ್ಳುಳ್ಳಿ ಕರಕಲಾಗುತ್ತದೆ.

ಈಗ ಬಾಣಲೆ. ಕಬ್ಬಿಣದ ಅಗಲ ಬಾಣಲೆ ಎಲ್ಲಕ್ಕಿಂತ ಒಳ್ಳೆಯದು. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸುವುದು ಸರಿಯಲ್ಲ, ಅದರ ಲೇಪ ಹಾಳಾಗುತ್ತದೆ. ಅದೊಂದೇ ಇದ್ದರೆ ಎಣ್ಣೆ ಹಾಕಿಯೇ ಮಧ್ಯಮ ಉರಿಯಲ್ಲಿ, ಇನ್ನೂ ಕಡಿಮೆ ಅನ್ನ ಹುರಿಯಿರಿ. ಕಬ್ಬಿಣದ ಬಾಣಲೆಯನ್ನು ಮಾತ್ರ ಒಂದು ಹನಿ ನೀರು ಬಿದ್ದ ಕೂಡಲೇ ಉರುಳಿ ಓಡುವಷ್ಟು ಕಾಯಿಸಿ, ಎರಡು ಟೇಬಲ್ ಚಮಚ ಎಣ್ಣೆ ಹಾಕಿ ಸುತ್ತ ಹರಡಿ. ಶೇಂಗಾ, ಸೂರ್ಯಕಾಂತಿ ಅಥವಾ ತೌಡಿನ ಎಣ್ಣೆ ನಡೆಯುತ್ತದೆ. ಎಳ್ಳೆಣ್ಣೆಯ ಘಾಟು ಈ ಅನ್ನಕ್ಕೆ ಹೊಂದುವುದಿಲ್ಲ.

ಉರಿ ಮಧ್ಯಮಕ್ಕೆ ಇಳಿಸಿ ಕುಟ್ಟಿದ ಮಸಾಲೆ ಹಾಕಿದರೆ ಹದಿನೈದು ಸೆಕೆಂಡಿನಲ್ಲಿ ಹಸಿ ವಾಸನೆ ಹೋಗಿ ಅಂಚು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣದಲ್ಲೇ ಈರುಳ್ಳಿ, ಅಣಬೆ ಹಾಕಿ ಉರಿ ದೊಡ್ಡದು ಮಾಡಿ. ಗಟ್ಟಿ ತರಕಾರಿ ಅದರ ಹಿಂದೆಯೇ, ಒಂದೂವರೆ ನಿಮಿಷ. ಅನ್ನವನ್ನು ಒಮ್ಮೆಲೇ ಸುರಿಯದೆ ಎರಡು ಕಂತಿನಲ್ಲಿ ಹಾಕಿ. ಮೊದಲ ಕಂತನ್ನು ಬಾಣಲೆಯ ಮೈಗೆ ಹರಡಿ, ಇಪ್ಪತ್ತು ಸೆಕೆಂಡು ಮುಟ್ಟದೆ ಬಿಡಿ. ತಳದಿಂದ ಎತ್ತಿ ಮಗುಚಿ ಮತ್ತೆ ಹರಡಿ. ಬಿಡದೆ ಕೈಯಾಡಿಸುತ್ತಿದ್ದರೆ ಯಾವ ಅಗುಳಿಗೂ ಬಿಸಿ ಕಬ್ಬಿಣದ ಸ್ಪರ್ಶ ಸಾಕಷ್ಟು ಹೊತ್ತು ಸಿಗುವುದಿಲ್ಲ. ಕಿವಿ ಕೊಟ್ಟು ಕೇಳಿದರೆ ಗೊತ್ತಾಗುತ್ತದೆ: ಮೊದಲು ಸುಸ್ಸೆನ್ನುವ ಒದ್ದೆ ಸದ್ದು, ಒಂದೆರಡು ನಿಮಿಷದ ಮೇಲೆ ಚಟಪಟ ಒಣ ಸದ್ದು, ಒಂದೊಂದೇ ಅಗುಳು ಬಾಣಲೆಯಿಂದ ಪುಟಿಯತೊಡಗುತ್ತದೆ. ಸಾಸ್ ಹಾಕುವ ಹೊತ್ತು ಅದು.

ಸಾಸನ್ನು ಅನ್ನದ ಮೇಲೆ ಸುರಿಯಬೇಡಿ. ಅನ್ನವನ್ನು ಒಂದು ಬದಿಗೆ ಸರಿಸಿ, ಖಾಲಿಯಾದ ಬಿಸಿ ಗೋಡೆಯ ಮೇಲೆ ಸುತ್ತಲೂ ಹರಿಯುವಂತೆ ಬಿಡಿ. ಅದರ ನೀರು ಅಲ್ಲೇ ಹಾರಿ, ಸೋಯಾ ತುಸು ಕಂದಿ, ಹುರಿದ ಪರಿಮಳ ಏಳುತ್ತದೆ. ತಕ್ಷಣ ಅನ್ನ ಎಳೆದು ಕಲಸಿ. ನೇರವಾಗಿ ಮೇಲೆ ಸುರಿದರೆ ಬಿದ್ದ ಜಾಗದ ಅಗುಳೇ ಅಷ್ಟನ್ನೂ ಕುಡಿದು, ಒಂದು ತುತ್ತು ಉಪ್ಪು, ಇನ್ನೊಂದು ಸಪ್ಪೆ. ಆಮೇಲೆ ತೋಫು, ಟೊಮೆಟೊ, ಎಳೆ ಸೊಪ್ಪು ಹಾಕಿ ಅರ್ಧ ನಿಮಿಷ. ಟೊಮೆಟೊ ಬಿಸಿಯಾಗಬೇಕು, ಕರಗಬಾರದು. ಒಲೆ ಆರಿಸಿದ ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು. ಉಪ್ಪನ್ನು ರುಚಿ ನೋಡದೆ ಹಾಕಬೇಡಿ; ಈ ಅಳತೆಯ ಸೋಯಾ ಸಾಸಿನಲ್ಲೇ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ, ತಯಾರಕರನ್ನು ಅವಲಂಬಿಸಿ ಹೆಚ್ಚು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ ಹೇಳಿರುವುದು 2,000 ಮಿಲಿಗ್ರಾಮಿಗಿಂತ ಕಡಿಮೆ.

ಕೆಟ್ಟರೆ ಏನು ಮಾಡುವುದು ಎಂದು ಯಾವ ಪಾಕವಿಧಾನವೂ ಹೇಳುವುದಿಲ್ಲ. ಅನ್ನ ಅಂಟತೊಡಗಿದರೆ ಎಣ್ಣೆ ಸುರಿಯುವುದು ಮೊದಲು ತೋಚುವ ಉಪಾಯ. ಅದರಿಂದ ಜಿಡ್ಡಾಗುತ್ತದೆಯೇ ಹೊರತು ಬಿಡಿಯಾಗುವುದಿಲ್ಲ. ಅರ್ಧ ಅನ್ನವನ್ನು ತಟ್ಟೆಗೆ ತೆಗೆದು, ಉಳಿದದ್ದನ್ನು ಹರಡಿ ಹಬೆ ಹಾರಲು ಬಿಡಿ, ಮತ್ತೆ ಸೇರಿಸಿ. ಅನ್ನ ಗಡುಸಾಗಿ ಒಣಗಿದ್ದರೆ ಬಾಣಲೆಯ ಅಂಚಿಗೆ ಎರಡು ಟೀ ಚಮಚ ನೀರು ಚಿಮುಕಿಸಿ ಅರ್ಧ ನಿಮಿಷ ಮುಚ್ಚಿಟ್ಟರೆ ಸರಿಯಾಗುತ್ತದೆ. ಬೆಳ್ಳುಳ್ಳಿ ಕಪ್ಪಾಗಿದ್ದರೆ ಉಪಾಯವಿಲ್ಲ, ಕಹಿ ಕೊನೆಯವರೆಗೂ ಉಳಿಯುತ್ತದೆ; ಬಾಣಲೆ ಒರೆಸಿ ಮೊದಲಿನಿಂದ ಶುರು ಮಾಡುವುದೇ ಲೇಸು.

ಬಡಿಸುವಾಗ ಪಕ್ಕದಲ್ಲಿ ಸೌತೆಕಾಯಿ ಬಿಲ್ಲೆ, ನಿಂಬೆ ಹೋಳು ಇಲ್ಲದೆ ಖಾವ್ ಪಾಟ್ ಪೂರ್ತಿಯಾಗುವುದಿಲ್ಲ. ನಿಂಬೆಯನ್ನು ಬಾಣಲೆಗೆ ಹಿಂಡಬೇಡಿ. ಬಿಸಿಗೆ ಅದರ ಪರಿಮಳ ಹೋಗಿ ಬರೀ ಹುಳಿ ನಿಲ್ಲುತ್ತದೆ. ತಟ್ಟೆಯಲ್ಲಿ ತಿನ್ನುವವರೇ ಹಿಂಡಿಕೊಳ್ಳಲಿ. ಅಲ್ಲಿ ಮೇಜಿನ ಮೇಲೆ ಮೀನಿನ ರಸದಲ್ಲಿ ನೆನೆದ ಮೆಣಸಿನಕಾಯಿ ಇರುತ್ತದೆ; ನಮ್ಮ ಬಟ್ಟಲಿಗೆ ಎರಡು ಚಮಚ ತೆಳು ಸೋಯಾ ಸಾಸ್, ಒಂದು ಚಮಚ ನಿಂಬೆರಸ, ಬಿಲ್ಲೆ ಮಾಡಿದ ಮೆಣಸಿನಕಾಯಿ ಸಾಕು.

ಇದೇ ಕ್ರಮದಲ್ಲಿ ಕಫ್ರಾವ್ ಎಲೆಯ ಅನ್ನ ಮಾಡಬಹುದು. ಕಫ್ರಾವ್ ತುಳಸಿಯದೇ ಜಾತಿ. ಸೋಂಪಿನ ಕಂಪಿರುವ ಹೊರಪಾ ಬೇರೆ, ಅದು ಕಾಮಕಸ್ತೂರಿಯ ಕುಲ. ಒಂದರ ಬದಲು ಇನ್ನೊಂದು ಹಾಕಿದರೆ ಅನ್ನ ಕೆಡುವುದಿಲ್ಲ, ರುಚಿ ಬೇರೆಯಾಗುತ್ತದೆ. ಎರಡನ್ನೂ ಒಲೆ ಆರಿಸುವ ಕ್ಷಣದಲ್ಲಿ ಹಾಕಬೇಕು. ಅನಾನಸ್ ಹಾಕುವವರು ಹೋಳುಗಳನ್ನು ಜರಡಿಯಲ್ಲಿ ಬಸಿದು, ಬೇರೆಯಾಗಿ ದೊಡ್ಡ ಉರಿಯಲ್ಲಿ ಕಂದಿಸಿ ಕೊನೆಗೆ ಸೇರಿಸಿ, ಒಂದು ಟೀ ಚಮಚ ಕರಿ ಪುಡಿ, ಹುರಿದ ಗೋಡಂಬಿ ಜೊತೆಗೆ. ಬೆಳ್ಳುಳ್ಳಿ ಈರುಳ್ಳಿ ತಿನ್ನದವರು ಶುಂಠಿ, ಬಿಳಿ ಮೆಣಸು, ಶಿಟಾಕೆಯಿಂದಲೇ ಒಳ್ಳೆಯ ರುಚಿ ತರಬಹುದು.

ಕಡೆಯದಾಗಿ, ನಿಮ್ಮ ಪುಟದಲ್ಲಿ ತಪ್ಪದೆ ಅಚ್ಚಾಗಬೇಕಾದ ಒಂದು ವಿಷಯ. ‘ರಾತ್ರಿ ಉಳಿದ ಅನ್ನ ಬಳಸಿ’ ಎಂದಷ್ಟೇ ಬರೆಯುವುದು ಅಪಾಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಬೆಚ್ಚಗೆ ಉಳಿದರೆ ಅವು ಮೊಳೆತು ಬೆಳೆದು ವಿಷ ಉತ್ಪಾದಿಸುತ್ತವೆ, ಆ ವಿಷ ಬಾಣಲೆಯ ಬಿಸಿಗೂ ಜಗ್ಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ಎಷ್ಟು ಚೆನ್ನಾಗಿ ಹುರಿದರೂ ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲಿದ್ದ ಅನ್ನ ಸುರಕ್ಷಿತವಾಗುವುದಿಲ್ಲ. ಹಳಸಿದ ವಾಸನೆ ಇಲ್ಲದಿರುವುದೂ ಭರವಸೆಯಲ್ಲ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಹೇಳುವುದು ಹೀಗೆ: ಬೇಯಿಸಿದ ಅನ್ನವನ್ನು ಆದಷ್ಟೂ ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಡಿ, ಒಂದು ದಿನದೊಳಗೆ ತಿನ್ನಿ, ಒಂದಕ್ಕಿಂತ ಹೆಚ್ಚು ಸಲ ಬಿಸಿ ಮಾಡಬೇಡಿ. ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಹರಡುವ ಕ್ರಮ ಇದಕ್ಕೂ ಹೊಂದುತ್ತದೆ. ಫ್ರಿಜ್ಜಿನ ಅನ್ನವನ್ನು ಹುರಿದು ಮಾಡಿದ ಫ್ರೈಡ್ ರೈಸ್ ಮತ್ತೆ ಉಳಿದರೆ ಅದನ್ನು ಮರುದಿನಕ್ಕೆ ಎತ್ತಿಡಬಾರದು.

ಮುಂದಿನ ಸಲ ಈ ಪಾಕವಿಧಾನ ಪ್ರಕಟಿಸುವಾಗ ಅಕ್ಕಿಯ ತೂಕ, ನೀರಿನ ಅಳತೆ, ಪೇಸ್ಟು ಸಾಸುಗಳ ಪಟ್ಟಿ ಓದಬೇಕೆಂಬ ಸೂಚನೆ, ಜೊತೆಗೆ ಅನ್ನ ಫ್ರಿಜ್ಜಿಗೆ ಸೇರಬೇಕಾದ ಆ ಒಂದು ಗಂಟೆಯ ಗಡುವು, ಇಷ್ಟನ್ನು ಸಾಮಗ್ರಿಗಳ ಪಟ್ಟಿಗಿಂತ ಮೇಲೆ ಹಾಕಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗರೊಬ್ಬರು